ತೋಡಿಯ ಗಾಂಧಾರ ಮತ್ತು ಸಿಕ್ಕಿಬಿದ್ದ ತೋರುಬೆರಳು

ನಾನು ಕಲಿತದ್ದು ಕರ್ನಾಟಕ ಪದ್ಧತಿಯ ಪಿಟೀಲು. ನೆಲದ ಮೇಲೆ ಚಕ್ಕಳಮಕ್ಕಳ ಕೂತು, ಪಿಟೀಲಿನ ತುದಿಯನ್ನು ಬಲಪಾದದ ಮೇಲೆ ಊರಿ ನುಡಿಸುವ ಪದ್ಧತಿ. ನೃತ್ಯರೂಪಕಗಳಿಗೆ ಸಂಗೀತ ಸಂಯೋಜಿಸುವ ಕೆಲಸ ಆಮೇಲೆ ಬಂತು. ಸ್ಟಾಫ್ ನೊಟೇಷನ್ (ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿ) ಇಟ್ಟುಕೊಂಡು ನುಡಿಸುವ ನಾಲ್ವರಿಗೆ, ಅಂದರೆ ಎರಡು ವಯೊಲಿನ್, ಅದಕ್ಕಿಂತ ದೊಡ್ಡದಾದ, ತಗ್ಗಿನ ಶ್ರುತಿಯ ಒಂದು ವಿಯೋಲ, ಇನ್ನೂ ದೊಡ್ಡದಾದ ಒಂದು ಚೆಲ್ಲೊಗೆ, ಮೊದಲ ಸಲ ಬರೆದಾಗ ಒಂದು ಧೈರ್ಯವಿತ್ತು: ವಯೊಲಿನ್ ನನ್ನದೇ ವಾದ್ಯ, ನನ್ನ ಕೈಗೆ ಬಂದದ್ದು ಅವರ ಕೈಗೂ ಬಂದೇ ಬರುತ್ತದೆ. ಅಭ್ಯಾಸದ ಮೊದಲ ದಿನವೇ ಅದು ತಪ್ಪೆಂದು ಗೊತ್ತಾಯಿತು.

ತೋಡಿ ರಾಗದ ಒಂದು ಭಾಗ ಅದು. ಗಾಯಕಿಯ ಶ್ರುತಿ ಜಿ, ಅಂದರೆ ಪಾಶ್ಚಾತ್ಯರು ಜಿ ಎಂದು ಕರೆಯುವ ಸ್ವರವೇ ಅವರ ಷಡ್ಜ. ಹಾಗಾಗಿ ನನ್ನ ಪಿಟೀಲಿನ ನಾಲ್ಕು ತಂತಿಗಳು ಕೆಳಗಿನಿಂದ ಮೇಲಕ್ಕೆ ಜಿ, ಡಿ, ಜಿ, ಡಿ; ಸ-ಪ-ಸ-ಪ. ತಂತಿಗಳನ್ನು ನಾವು ಎಣಿಸುವುದು ಮೇಲಿನಿಂದ; ಹಾಗೆ ಎಣಿಸಿದ ಎರಡನೆಯ ತಂತಿಯ ಮೇಲೆ ತೋಡಿಯ ಗಾಂಧಾರವನ್ನು ರಿಷಭ ಮಧ್ಯಮಗಳ ನಡುವೆ ತೂಗುತ್ತಾ, ಪಕ್ಕದ ಮೊದಲ ತಂತಿಯನ್ನು ಬೆರಳಿಡದೆ ಖಾಲಿಯಾಗಿ ಮೊಳಗಿಸುತ್ತಾ ಹೋದರೆ ತಂಬೂರಿಯ ಪಂಚಮದ ಮೇಲೆ ರಾಗ ಹರಡಿದ ಹಾಗೆ ಕೇಳುತ್ತದೆ. ನನಗೆ ಬಹಳ ಇಷ್ಟವಾದ ನಾದ. ಅದನ್ನೇ ಬರೆದೆ. ಕಂಪ್ಯೂಟರಿನಲ್ಲಿ ನೊಟೇಷನ್ ತಂತ್ರಾಂಶ ಅದನ್ನು ಸೊಗಸಾಗಿಯೇ ನುಡಿಸಿತು. ಬರೆದದ್ದನ್ನೆಲ್ಲ ಅದು ನುಡಿಸುತ್ತದೆ, ಅದಕ್ಕೆ ಬೆರಳುಗಳಿಲ್ಲವಲ್ಲ.

ಅಭ್ಯಾಸದಲ್ಲಿ ಮೊದಲ ವಯೊಲಿನ್‌ನ ಹುಡುಗಿ ಎರಡು ಮೂರು ಸಲ ಪ್ರಯತ್ನಿಸಿ ಕಮಾನು ಇಳಿಸಿದಳು. "ಸರ್, ಎರಡು ಸ್ವರ ಒಟ್ಟಿಗೆ ಬರುತ್ತೆ. ಆದ್ರೆ ಗಾಂಧಾರ ಅಲ್ಲಾಡ್ತಾ ಇಲ್ಲ."

ನಾನು ಬಗ್ಗಿ ಅವಳ ಕೈ ನೋಡಿದೆ. ಅವಳ ತಂತಿಗಳು ಜಿ, ಡಿ, ಎ, ಇ. ಕೆಳಗಿನ ಎರಡು ನನ್ನವೇ. ಮೇಲಿನ ಎರಡು ಒಂದೊಂದು ಪೂರ್ಣ ಸ್ವರದಷ್ಟು ಎತ್ತರದಲ್ಲಿವೆ. ನನಗೆ ಖಾಲಿ ತಂತಿಯಲ್ಲಿ ಸಿಗುವ ಡಿ ಅವಳ ಇ ತಂತಿಯಲ್ಲಿ ಇಲ್ಲವೇ ಇಲ್ಲ, ಏಕೆಂದರೆ ಆ ತಂತಿ ಶುರುವಾಗುವುದೇ ಅದಕ್ಕಿಂತ ಮೇಲೆ. ಅವಳು ಡಿ ಸ್ವರವನ್ನು ಎ ತಂತಿಯ ಮೇಲೆ ಒತ್ತಬೇಕು, ರಾಗದ ಎಳೆಯನ್ನು ಡಿ ತಂತಿಗೆ ಇಳಿಸಬೇಕು. ಅಂದರೆ ಥರ್ಡ್ ಪೊಸಿಷನ್ನಿಗೆ (ಮಾಮೂಲಿಗೆ ಉಂಗುರಬೆರಳಿರುವ ಜಾಗಕ್ಕೆ ತೋರುಬೆರಳು ಬರುವಷ್ಟು ಮುಂದಕ್ಕೆ) ಹೋಗಿ ತೋರುಬೆರಳನ್ನು ಎರಡು ತಂತಿಗಳ ಮೇಲೂ ಅಡ್ಡಲಾಗಿ ಮಲಗಿಸಿ ಸ ಮತ್ತು ಪ ಎರಡನ್ನೂ ಅದರಲ್ಲೇ ಹಿಡಿಯಬೇಕು. ಉಳಿದ ಬೆರಳುಗಳು ರಿಷಭ, ಗಾಂಧಾರ, ಮಧ್ಯಮ ತೆಗೆಯಬೇಕು. ಪುಸ್ತಕದ ಲೆಕ್ಕದಲ್ಲಿ ಇದು ನುಡಿಸಬಹುದಾದ ಕೈ. ಬರೀ ನೆಟ್ಟ, ಅಂದರೆ ಅಲ್ಲಾಡದೆ ನಿಲ್ಲುವ, ಸ್ವರಗಳಾಗಿದ್ದರೆ ಅವಳು ತಕರಾರಿಲ್ಲದೆ ನುಡಿಸುತ್ತಿದ್ದಳು.

ತೋಡಿಯ ಗಾಂಧಾರ ನೆಟ್ಟ ಸ್ವರ ಅಲ್ಲ. ವಯೊಲಿನ್ ತಂತಿಯ ಮಿಡಿಯುವ ಉದ್ದ ಸುಮಾರು 328 ಮಿಲಿಮೀಟರ್. ನನ್ನ ಎರಡನೆಯ ತಂತಿಯಲ್ಲಿ ಶುದ್ಧ ರಿಷಭದಿಂದ ಶುದ್ಧ ಮಧ್ಯಮಕ್ಕೆ ಸುಮಾರು 64 ಮಿಲಿಮೀಟರ್ ದೂರ, ಆ ದೂರವನ್ನೆಲ್ಲ ಬೆರಳಷ್ಟೇ ಅಲ್ಲ, ಇಡೀ ಅಂಗೈ ಜೊತೆಗೆ ಜಾರಿ ದಾಟುತ್ತದೆ. ಅವಳ ಡಿ ತಂತಿಯಲ್ಲಿ ಅದೇ ಸ್ವರಗಳು ಇನ್ನೂ ಮೇಲಿರುವುದರಿಂದ ದೂರ 48ಕ್ಕೆ ಇಳಿಯುತ್ತದೆ. ಹಾಗಾದರೆ ಸುಲಭವಾಗಬೇಕಿತ್ತಲ್ಲ! ಆದರೆ ಪಂಚಮ ನಿಲ್ಲಬೇಕಾದರೆ ತೋರುಬೆರಳು ಕದಲುವ ಹಾಗಿಲ್ಲ. ತೋರುಬೆರಳು ಕದಲದಿದ್ದರೆ ಅಂಗೈ ಜಾರುವುದಿಲ್ಲ. ಅಂಗೈ ಜಾರದಿದ್ದರೆ ಗಾಂಧಾರ ತೂಗುವುದಿಲ್ಲ, ಒಂದು ಬೆರಳಿನಿಂದ ಇನ್ನೊಂದಕ್ಕೆ ಕುಪ್ಪಳಿಸುತ್ತದೆ. ಕೇಳಿಸಿದ್ದು ತೋಡಿಯ ಸ್ವರಗಳು, ತೋಡಿಯಲ್ಲ.

ಆವತ್ತಿನಿಂದ ನನ್ನ ಪರೀಕ್ಷೆಯ ಪ್ರಶ್ನೆಯೇ ಬದಲಾಯಿತು. ಈ ಸ್ವರಗಳಿಗೆ ಬೆರಳು ಸಿಗುತ್ತದೆಯೇ ಎಂದು ಕೇಳುವುದು ಸಾಲದು. ಬೆರಳು ಸಿಕ್ಕ ಮೇಲೆ ಕೈಗೆ ಏನು ಮಾಡುವ ಸ್ವಾತಂತ್ರ್ಯ ಉಳಿಯುತ್ತದೆ ಎಂದು ನೋಡಬೇಕು. ನಮ್ಮ ಸಂಗೀತವನ್ನು ಈ ವಾದ್ಯಗಳಿಗೆ ಬರೆಯುವವರಿಗೆ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇಲ್ಲ ಎಂಬುದು ನನ್ನ ನಂಬಿಕೆ.

ಪರಿಹಾರಗಳನ್ನು ಒಂದೊಂದಾಗಿ ಯೋಚಿಸಿದೆವು. ಅವಳ ಮೇಲಿನ ಎರಡು ತಂತಿಗಳನ್ನು ಬಿರಡೆ ತಿರುಗಿಸಿ ಇಳಿಸಿದರೆ ನನ್ನ ಶ್ರುತಿಯೇ ಸಿಗುತ್ತದೆ; ಆದರೆ ತಂತಿ ಹೊಸ ಶ್ರುತಿಗೆ ಕೂರಲು ಹೊತ್ತು ಬೇಕು, ಆ ಭಾಗ ಮುಗಿದ ಕೂಡಲೇ ಮತ್ತೆ ಮೂಲ ಶ್ರುತಿ ಬೇಕಿತ್ತು. ಷಡ್ಜವನ್ನು ಎ ಸ್ವರಕ್ಕೆ ಏರಿಸಿದರೆ ಎಲ್ಲವೂ ಒಂದೇಟಿಗೆ ಸರಿಹೋಗುತ್ತಿತ್ತು: ಎ ತಂತಿಯ ಮೇಲೆ ರಾಗ, ಖಾಲಿ ಇ ತಂತಿಯಲ್ಲಿ ಪಂಚಮ, ಕೈ ಥೇಟ್ ನನ್ನದೇ. ಬರೀ ವಾದ್ಯಗಳ ಭಾಗವಾಗಿದ್ದರೆ ಹಾಗೇ ಮಾಡುತ್ತಿದ್ದೆ. ಆದರೆ ತಾರಸ್ಥಾಯಿಗೆ ಹೋಗುವ ಸಾಹಿತ್ಯವಿತ್ತು, ಗಾಯಕಿಯ ಕಂಠಕ್ಕೆ ತೊಂದರೆ ಕೊಡಲು ಮನಸ್ಸಾಗಲಿಲ್ಲ. ಕೊನೆಗೆ ಪಂಚಮವನ್ನು ಎರಡನೆಯ ವಯೊಲಿನ್‌ಗೆ ಒಪ್ಪಿಸಿದೆ. ಅದು ಎ ತಂತಿಯ ಮೇಲೆ ಉಂಗುರಬೆರಳಿನಲ್ಲಿ ಆ ಡಿ ಸ್ವರವೊಂದನ್ನೇ ಹಿಡಿದು ನಿಂತಿತು. ಖಾಲಿ ತಂತಿಯ ಮೊಳಗು ಹೋಯಿತಲ್ಲ ಎಂಬ ಕೊರತೆಯನ್ನು ವಿಯೋಲ ತುಂಬಿತು. ಅದರ ತಂತಿಗಳು ಸಿ, ಜಿ, ಡಿ, ಎ. ನಡುವಿನ ಜಿ ಮತ್ತು ಡಿ ಖಾಲಿಯಾಗಿಯೇ ನಮ್ಮ ಸ ಮತ್ತು ಪ. ಮೊದಲ ವಯೊಲಿನ್‌ನವಳ ಕೈ ಬಿಡುಗಡೆಯಾಯಿತು. ಡಿ ತಂತಿಯೊಂದರ ಮೇಲೆಯೇ ಅವಳು ಗಾಂಧಾರವನ್ನು ತೂಗಿದಾಗ ಮೃದಂಗದವರು ತಲೆದೂಗಿದರು.

ಈಗ ಮನೆಯಲ್ಲಿ ಎರಡು ಪಿಟೀಲು ಇಟ್ಟುಕೊಂಡಿದ್ದೇನೆ. ಒಂದು ನನ್ನ ಶ್ರುತಿಯಲ್ಲಿ, ಇನ್ನೊಂದು ಸದಾ ಜಿ-ಡಿ-ಎ-ಇ ಶ್ರುತಿಯಲ್ಲಿ. ಬರೆದದ್ದನ್ನು ಎರಡನೆಯದರಲ್ಲಿ, ಎದ್ದು ನಿಂತು, ಗಲ್ಲದ ಕೆಳಗೆ ಹಿಡಿದು ನುಡಿಸಿ ನೋಡುತ್ತೇನೆ. ನಿಲ್ಲುವುದು ಮುಖ್ಯ. ಕೂತಾಗ ವಾದ್ಯದ ತುದಿಗೆ ಪಾದದ ಆಸರೆ ಇರುವುದರಿಂದ ಎಡಗೈ ಮೇಲಿಂದ ಕೆಳಕ್ಕೆ ಸಲೀಸಾಗಿ ಜಾರುತ್ತದೆ. ನಿಂತಾಗ ಕೈ ಕೆಳಕ್ಕೆ ಬರುವಾಗ ವಾದ್ಯವನ್ನೂ ಎಳೆದುಕೊಂಡು ಬಂದಂತಾಗುತ್ತದೆ. ನನಗೆ ಸಹಜವಾಗಿದ್ದ ಎಷ್ಟೋ ಇಳಿಜಾರುಗಳು ಅವರಿಗೆ ಯಾಕೆ ಕಷ್ಟ ಎಂದು ತಿಳಿದದ್ದು ಹೀಗೆ ನಿಂತು ನುಡಿಸಿದ ಮೇಲೆಯೇ. ಎರಡು ಸ್ವರ ಒಂದೇ ತಂತಿಯ ಪಾಲಿಗೆ ಬಂದಿದೆಯೇ ಎಂಬುದನ್ನು ಮಾತ್ರ ವಾದ್ಯ ಎತ್ತುವ ಮೊದಲೇ ಕಾಗದದಲ್ಲಿ ನೋಡಿಬಿಡುತ್ತೇನೆ. ವಯೊಲಿನ್‌ನ ಕೆಳಗಿನ ಡಿ ತಂತಿಗಿಂತ ತಗ್ಗಿನ ಎರಡು ಸ್ವರಗಳನ್ನು ಒಟ್ಟಿಗೆ ಬರೆದರೆ ಎರಡಕ್ಕೂ ಜಿ ತಂತಿಯೊಂದೇ ಗತಿ, ಅಂಥದ್ದನ್ನು ಯಾರೂ ನುಡಿಸಲಾರರು.

ಚೆಲ್ಲೊ ನನಗೆ ನುಡಿಸಲು ಬರುವುದಿಲ್ಲ. ಅದಕ್ಕೆ ದಪ್ಪ ರಟ್ಟಿನ ಪಟ್ಟಿ ಮಾಡಿಕೊಂಡೆ. ಚೆಲ್ಲೊ ತಂತಿಯ ಉದ್ದ ಸುಮಾರು 690 ಮಿಲಿಮೀಟರ್. ಪ್ರತಿ ಅರ್ಧಸ್ವರಕ್ಕೂ ಉಳಿದ ಉದ್ದವನ್ನು 1.0595ರಿಂದ ಭಾಗಿಸುತ್ತಾ ಹೋಗಿ ಅಡ್ಡಗೆರೆ ಎಳೆದರೆ ಸ್ವರಸ್ಥಾನಗಳು ಸಿಗುತ್ತವೆ. ನಾಲ್ಕು ತಂತಿಗೆ ನಾಲ್ಕು ಉದ್ದಗೆರೆ. ಬರೆದ ಜೋಡಿಸ್ವರವನ್ನು ಅದರ ಮೇಲೆ ಬೆರಳಿಟ್ಟು ನೋಡುತ್ತೇನೆ.

ಆ ಪಟ್ಟಿ ಮೊದಲ ದಿನವೇ ಒಂದು ತಪ್ಪು ಹಿಡಿಯಿತು. ಅದೇ ತೋಡಿಯ ಕೊನೆಯಲ್ಲಿ ಶುದ್ಧ ಧೈವತವನ್ನು ಚೆಲ್ಲೊದ ಸಿ ಮತ್ತು ಜಿ ತಂತಿಗಳ ಮೇಲೆ ಎರಡು ಸ್ಥಾಯಿಗಳಲ್ಲಿ ಒಟ್ಟಿಗೆ ಬರೆದಿದ್ದೆ. ವಯೊಲಿನ್‌ನಲ್ಲಿ ಇದೇ ಹಿಡಿತಕ್ಕೆ ತೋರುಬೆರಳಿನಿಂದ ಕಿರುಬೆರಳಿಗೆ 69 ಮಿಲಿಮೀಟರ್ ಸಾಕು, ಯಾರ ಕೈಗಾದರೂ ಬರುತ್ತದೆ. ಚೆಲ್ಲೊದಲ್ಲಿ ಅದು 145 ದಾಟುತ್ತದೆ. ರಟ್ಟಿನ ಮೇಲೆ ನನ್ನ ಕಿರುಬೆರಳು ತಲುಪಲೇ ಇಲ್ಲ. ಚೆಲ್ಲೊದವರಿಗೆ ಫೋನ್ ಮಾಡಿ ಕೇಳಿದೆ. "ಹೆಬ್ಬೆರಳು ತಂದು ತಂತಿ ಮೇಲೆ ಇಟ್ಟರೆ ಬರುತ್ತೆ ಸರ್. ಆದ್ರೆ ಆ ಒಂದು ಸ್ವರಕ್ಕೋಸ್ಕರ ಹೆಬ್ಬೆರಳು ಹಿಂದಿನಿಂದ ಮುಂದೆ ಬಂದು ಮತ್ತೆ ವಾಪಸ್ ಹೋಗಬೇಕು. ನಿಮ್ಮ ಲಯದಲ್ಲಿ ಅಷ್ಟು ಪುರುಸೊತ್ತಿಲ್ಲ" ಎಂದರು. ಮೇಲಿನ ಧೈವತವನ್ನು ವಿಯೋಲಕ್ಕೆ ಕೊಟ್ಟೆ. ಅಲ್ಲಿ ಅದು ಸಿ ತಂತಿಯ ಮೇಲೆ ನಡುಬೆರಳಿಗೆ ತಾನಾಗಿ ಸಿಗುತ್ತದೆ.

ಇಷ್ಟೆಲ್ಲ ನೋಡಿಕೊಂಡರೂ ಅವರ ಹಾಳೆಯಲ್ಲಿ ಬೆರಳಿನ ಅಂಕಿಗಳನ್ನು ನಾನು ಬರೆಯುವುದಿಲ್ಲ. ಯಾವ ತಂತಿಯ ನಾದ ಬೇಕು ಎಂಬುದನ್ನಷ್ಟೇ ಗುರುತು ಹಾಕುತ್ತೇನೆ, ಅದೂ ನಿಜಕ್ಕೂ ಬೇಕಾದ ಕಡೆ. ತೋಡಿಯ ಆ ಸಾಲಿನ ಮೇಲೆ "ಡಿ ತಂತಿಯಲ್ಲೇ" ಎಂದಷ್ಟೇ ಬರೆದಿದ್ದೆ. ಪ್ರದರ್ಶನ ಮುಗಿದ ಮೇಲೆ ಹಾಳೆಗಳನ್ನು ಜೋಡಿಸಿಡುವಾಗ ನೋಡಿದರೆ ಆ ಹುಡುಗಿ ಗಾಂಧಾರದ ಮೇಲೆ ಪೆನ್ಸಿಲಿನಲ್ಲಿ ಎರಡನೆಯ ಬೆರಳು ಹಾಕಿ, ಅಳಿಸಿ, ಮೂರನೆಯದು ಹಾಕಿ, ಅದನ್ನೂ ಅಳಿಸಿ, ಮತ್ತೆ ಎರಡು ಎಂದು ಬರೆದುಕೊಂಡಿದ್ದಳು.