ಮೋಟಾರ್ ಕೊಳ್ಳುವಾಗ ಎಚ್‌ಪಿ ಅಲ್ಲ, ಎತ್ತರ ಹೇಳಿ

ಕಲಬುರಗಿಯ ಯಾವ ಮೋಟಾರ್ ಅಂಗಡಿಗೆ ಹೋದರೂ ಮೊದಲ ಪ್ರಶ್ನೆ ಒಂದೇ: ‘ಅರ್ಧ ಎಚ್‌ಪಿನೋ, ಒಂದೋ?’ ‘ಒಂದೇ ಇರಲಿ ಬಿಡ್ರಿ, ನೀರು ಜೋರ ಏರತದ’ ಎಂದು ಒಯ್ಯುವವರೇ ಹೆಚ್ಚು. ಸಂಪಿನಿಂದ ಎರಡಂತಸ್ತಿನ ಮೇಲಿನ ಟಾಕಿಗೆ ನೀರೇರಿಸಲು ಬಹಳಷ್ಟು ಮನೆಗಳಿಗೆ ಅರ್ಧ ಎಚ್‌ಪಿ ಸಾಕು. ದೊಡ್ಡ ಮೋಟಾರ್ ಕರೆಂಟು ಹೆಚ್ಚು ತಿನ್ನುತ್ತದೆ, ಸಂಪನ್ನು ಬೇಗ ಬರಿದು ಮಾಡಿ ಒಣಗಿ ಓಡುತ್ತದೆ.

ಮೊದಲು ಟೇಪು ಹಿಡಿದು ಅಳೆಯಿರಿ. ಸಂಪಿನ ತಳದಿಂದ ನೆಲಕ್ಕೆ 8 ಅಡಿ, ನೆಲದಿಂದ ಟಾಕಿಯ ಬಾಯಿಗೆ 32 ಅಡಿ ಎಂದುಕೊಳ್ಳಿ, ಒಟ್ಟು 40. ಬೆಂಡು, ವಾಲ್ವು, ಪೈಪಿನ ತಿಕ್ಕಾಟಕ್ಕೆಂದು ಐದರಲ್ಲೊಂದು ಪಾಲು ಸೇರಿಸಿದರೆ 48 ಅಡಿ, ಅಂದರೆ ಸುಮಾರು 15 ಮೀಟರ್. ಇದೇ ನಿಮ್ಮ ‘ಹೆಡ್’. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿರುವ ಗರಿಷ್ಠ ಹೆಡ್ಡಿಗೆ ಮರುಳಾಗಬೇಡಿ; ಆ ಎತ್ತರಕ್ಕೆ ಹೋದರೆ ಪಂಪು ತಿರುಗುತ್ತದೆ, ನೀರು ಬೀಳುವುದಿಲ್ಲ. ಪೆಟ್ಟಿಗೆ ಇಲ್ಲವೇ ಕೈಪಿಡಿಯ ಕೋಷ್ಟಕದಲ್ಲಿ 15 ಮೀಟರಿನ ಎದುರು ಗಂಟೆಗೆ ಎಷ್ಟು ಲೀಟರ್ ಇದೆ ನೋಡಿ. 1500 ಇದ್ದರೆ ಸಾವಿರ ಲೀಟರಿನ ಟಾಕಿ 40 ನಿಮಿಷಕ್ಕೆ ತುಂಬುತ್ತದೆ. ಇನ್ನೇನು ಬೇಕು?

ತಾಮ್ರದ ವೈಂಡಿಂಗ್ (ಮೋಟಾರಿನೊಳಗಿನ ತಂತಿಸುತ್ತು), ಹಿತ್ತಾಳೆಯ ಇಂಪೆಲ್ಲರ್ (ಪಂಪಿನೊಳಗೆ ತಿರುಗಿ ನೀರು ತಳ್ಳುವ ಚಕ್ರ), ಐಎಸ್‌ಐ ಗುರುತು ಕೇಳಿ ಪಡೆಯಿರಿ. ಮನೆಯ ಸೆಲ್ಫ್ ಪ್ರೈಮಿಂಗ್ (ಒಮ್ಮೆ ನೀರು ತುಂಬಿಸಿದರೆ ಮುಂದೆ ತಾನೇ ಎಳೆದುಕೊಳ್ಳುವ) ಪಂಪಿಗೆ ಅದು ಐಎಸ್ 8472. ಮೋಟಾರಿಗೆ ಅಂಟಿಸಿದ ತಗಡಿನ ಪಟ್ಟಿಯ ಮೇಲೆ ವೋಲ್ಟೇಜ್ 180ರಿಂದ ಶುರುವಾಗಿದ್ದರೆ ಒಳ್ಳೆಯದು. ಬೇಸಿಗೆಯಲ್ಲಿ ಊರಿಗೂರೇ ಕೂಲರ್ ಹಾಕಿಕೊಂಡ ಹೊತ್ತಿಗೆ ವೋಲ್ಟೇಜ್ ಇಳಿದರೆ ಮೋಟಾರ್ ಹೆಚ್ಚು ಆಂಪಿಯರ್ ಎಳೆದು ಕಾಯುತ್ತದೆ. ನೀರು ಬೆಳಗಿನ ಜಾವ ಏರಿಸಿ. ಬೋರ್‌ವೆಲ್ಲಿಗೆ ಸಬ್‌ಮರ್ಸಿಬಲ್ ಬೇಕು, ಅದರ ಲೆಕ್ಕವೇ ಬೇರೆ.

ಕೂರಿಸುವಾಗ ಪಂಪು ಸಂಪಿನ ಪಕ್ಕದಲ್ಲೇ ಇರಲಿ. ನೆಲದ ಮೇಲಿನ ಪಂಪು ಆರೇಳು ಮೀಟರಿಗಿಂತ ಆಳದಿಂದ ನೀರೆಳೆಯಲಾರದು; ಎಂಥ ಎಚ್‌ಪಿ ಹಾಕಿದರೂ ಅಷ್ಟೇ. ಫುಟ್ ವಾಲ್ವನ್ನು (ನೀರು ಹಿಂದಕ್ಕೆ ಇಳಿಯದಂತೆ ಪೈಪಿನ ಕೆಳತುದಿಗೆ ಹಾಕುವ ವಾಲ್ವು) ತಳದ ಕೆಸರಿನಿಂದ ಅರ್ಧ ಅಡಿ ಮೇಲೆ ಇಡಿಸಿ. ಬಿಸಿಲಿಗೆ ಮೇಲೊಂದು ಶಹಾಬಾದ್ ಫರ್ಸಿ ಕಲ್ಲು ಸಾಕು, ಸುತ್ತ ಗಾಳಿಯಾಡಬೇಕು, ಗೋಣಿಚೀಲ ಸುತ್ತಬೇಡಿ. ಅರ್ಥಿಂಗ್ ಇಲ್ಲದೆ ಚಾಲೂ ಮಾಡಲೇಬೇಡಿ. ನಳದ ಪೈಪಿಗೇ ಮೋಟಾರ್ ಹಚ್ಚುವುದು ಕಾನೂನಿಗೂ ವಿರುದ್ಧ, ಹೊಟ್ಟೆಗೂ ಕೇಡು: ಪೈಪು ಸೋರುವಲ್ಲೆಲ್ಲ ಚರಂಡಿ ನೀರು ಒಳಗೆ ಬರುತ್ತದೆ.

ಇನ್ನು ದಿನನಿತ್ಯದ ಕಾಟ. ಮೋಟಾರ್ ಓಡುತ್ತದೆ, ನೀರಿಲ್ಲ. ‘ಗಾಳಿ ಹಿಡದದ’ ಎನ್ನುವ ಮೊದಲು ಸಂಪಿನ ಮುಚ್ಚಳ ತೆಗೆದು ನೀರಿದೆಯೇ ನೋಡಿ! ಇದ್ದರೆ ಆಫ್ ಮಾಡಿ, ಪಂಪಿನ ಮೇಲಿನ ಬಿರಡೆ ಬಿಚ್ಚಿ, ಬಾಯಿಮಟ್ಟ ನೀರು ತುಂಬಿ ಐದು ನಿಮಿಷ ಕಾಯಿರಿ. ನೀರು ಇಳಿಯುತ್ತ ಹೋದರೆ ಹೆಚ್ಚಾಗಿ ಫುಟ್ ವಾಲ್ವಿನದೇ ತಪ್ಪು. ಕಸ ಸಿಕ್ಕಿರುತ್ತದೆ ಇಲ್ಲವೇ ರಬ್ಬರು ಸವೆದಿರುತ್ತದೆ. ಇಳಿಯದೆ ನಿಂತರೂ ಧಾರೆ ಬಿಟ್ಟುಬಿಟ್ಟು ಬರುತ್ತಿದ್ದರೆ ಸಂಪಿನ ಕಡೆಯ ಜಾಯಿಂಟಿನಲ್ಲಿ ಗಾಳಿ ನುಗ್ಗುತ್ತಿದೆ. ಅಲ್ಲಿ ನೀರು ಹೊರಗೆ ಸೋರುವುದಿಲ್ಲ, ಹಾಗಾಗಿ ಕಣ್ಣಿಗೆ ಬೀಳುವುದಿಲ್ಲ. ಪಂಪು ಓಡುವಾಗ ಜಾಯಿಂಟಿಗೆ ಸೋಪಿನ ನೊರೆ ಸವರಿ. ಎಲ್ಲಿ ನೊರೆ ಒಳಗೆ ಹೋಗುತ್ತದೋ ಅಲ್ಲಿ ಬಿಚ್ಚಿ ಟೆಫ್ಲಾನ್ ಟೇಪು ಸುತ್ತಿಸಿ.

‘ಗುಂಯ್’ ಎಂದು ನಿಂತರೆ ತಕ್ಷಣ ಆಫ್ ಮಾಡಿ. ನಮ್ಮ ಗಡಸು ನೀರಿನ ಬಿಳಿ ಸುಣ್ಣ ಇಂಪೆಲ್ಲರಿನ ಸಂದಿಯಲ್ಲಿ ಗಟ್ಟಿಯಾಗಿರುತ್ತದೆ. ಊರಿಗೆ ಹೋಗಿ ವಾರಗಟ್ಟಲೆ ಬೀಗ ಹಾಕಿದ ಮನೆಗಳಲ್ಲಿ ಇದು ಮಾಮೂಲು. ಮೇನ್ ಆಫ್ ಮಾಡಿ, ಹಿಂದಿನ ಫ್ಯಾನಿನ ಕಡೆ ಶಾಫ್ಟನ್ನು ಸ್ಕ್ರೂ ಡ್ರೈವರಿನಿಂದ ಮೆಲ್ಲಗೆ ತಿರುಗಿಸಿದರೆ ಬಿಡುತ್ತದೆ. ಸಲೀಸಾಗಿ ತಿರುಗಿಯೂ ಚಾಲೂ ಆಗದಿದ್ದರೆ ಮೋಟಾರಿಗೆ ಮೊದಲ ತಳ್ಳು ಕೊಡುವ ಕಂಡೆನ್ಸರ್ ಹೋಗಿರಬಹುದು. ಅದೇ ಮೈಕ್ರೋಫ್ಯಾರಡ್‌ನದನ್ನೇ (ಅದರ ಮೇಲೆ ಬರೆದ ಅಳತೆ) ಹಾಕಿಸಿ, ಆದರೆ ನೀವೇ ಕೈ ಹಾಕಬೇಡಿ. ಆಫ್ ಮಾಡಿದ ಮೇಲೂ ಅದರಲ್ಲಿ ಕರೆಂಟು ಉಳಿದಿರುತ್ತದೆ.

ನೀರಿನ ರಭಸ ತಗ್ಗಿಸಲು ಮೇಲಿನ ವಾಲ್ವನ್ನು ಅರ್ಧ ಮುಚ್ಚುವ ರೂಢಿ ಕೆಲವರದು. ಮನೆಯ ಈ ಸೆಲ್ಫ್ ಪ್ರೈಮಿಂಗ್ ಪಂಪಿನಲ್ಲಿ ಮುಚ್ಚಿದಷ್ಟೂ ಮೋಟಾರಿನ ಮೇಲೆ ಭಾರ ಏರುತ್ತದೆ. ಪೂರ್ತಿ ತೆರೆದೇ ಇಡಿ.

ಪಂಪಿಗೂ ಮೋಟಾರಿಗೂ ನಡುವೆ ಹನಿ ಕಂಡರೆ ಸೀಲು ಹೋಗಿದೆ. ಒಣಗಿ ಓಡಿದಾಗ ಮೊದಲು ಸುಡುವುದೂ ಅದೇ. ಅಗ್ಗದ ಸಾಮಾನು, ಅದೇ ವಾರ ಬದಲಿಸಿ. ಬಿಟ್ಟರೆ ನೀರು ಬೇರಿಂಗಿಗೆ, ಅಲ್ಲಿಂದ ವೈಂಡಿಂಗಿಗೆ. ರಿವೈಂಡಿಂಗ್ ಮಾಡಿಸುವುದೇ ಆದರೆ ತಾಮ್ರದ ತಂತಿಯೇ ಬೇಕೆಂದು ಮುಂಚೆಯೇ ಹೇಳಿ. ಸುಟ್ಟ ತಾಮ್ರವೂ ತೂಕಕ್ಕೆ ಹೋಗುತ್ತದೆ; ಅದರ ದುಡ್ಡನ್ನು ಬಿಲ್ಲಿನಲ್ಲಿ ಮುರಿದುಕೊಳ್ಳಲು ಕೇಳಿ.