ಗ್ಲೌಸ್ ಕೆಳಗೆ ಬಿದ್ದಾಗ ಲೈನ್ಸ್‌ಮನ್ ಏನು ಮಾಡುತ್ತಾನೆ

ಐಸ್ ಹಾಕಿಯ ವಿಡಿಯೊ ನೋಡಿದ ನಮ್ಮ ಕಡೆಯವರು ಕೇಳುವ ಮೊದಲ ಪ್ರಶ್ನೆ ಒಂದೇ: ‘ಇಬ್ಬರು ಮುಖ ಮೂತಿ ನೋಡದೆ ಚಚ್ಚಿಕೊಳ್ಳುತ್ತಿದ್ದರೆ ಆ ಪಟ್ಟೆ ಅಂಗಿಯವರು ಯಾಕೆ ಸುತ್ತ ನಿಂತಿರುತ್ತಾರೆ?’ ಕೊಡಗಿನ ಹಾಕಿ ನೋಡಿ ಬೆಳೆದವರಿಗೆ ಇದು ವಿಚಿತ್ರ ಅನಿಸುವುದು ಸಹಜ. ಅಲ್ಲಿ ಮುಷ್ಟಿ ಎತ್ತಿದರೆ ಕೆಂಪು ಕಾರ್ಡ್, ಆವತ್ತಿನ ಆಟ ಮುಗಿಯಿತು. ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಹೊಡೆದಾಟಕ್ಕೆ 5 ನಿಮಿಷದ ಮೇಜರ್ ಪೆನಾಲ್ಟಿ, ಅಂದರೆ ದೊಡ್ಡ ಶಿಕ್ಷೆ. ಅಷ್ಟು ಹೊತ್ತು ಪಕ್ಕದ ಪೆನಾಲ್ಟಿ ಬಾಕ್ಸಿನಲ್ಲಿ ಕೂತು ಎದ್ದು ಬಂದು ಮತ್ತೆ ಆಡಬಹುದು. ಲೈನ್ಸ್‌ಮನ್, ಅಂದರೆ ರೆಫರಿಗೆ ನೆರವಾಗುವ ಪಟ್ಟೆ ಅಂಗಿಯವನ ಕೆಲಸ ಮಾಡುವ ನಾನು ಹೇಳುವುದಿಷ್ಟು: ನಾವು ಸುಮ್ಮನೆ ನಿಂತಿರುವುದಿಲ್ಲ, ನಾಲ್ಕು ಕಾಲುಗಳನ್ನು ನೋಡುತ್ತಿರುತ್ತೇವೆ.

ಕಾಲು ಯಾಕೆಂದರೆ ಐಸ್ ಮೇಲೆ ಹೊಡೆತಕ್ಕೆ ಆಧಾರ ಇಲ್ಲ. ನೆಲದ ಮೇಲೆ ಗುದ್ದುವವನು ಹಿಂಗಾಲನ್ನು ಊರಿ ಗುದ್ದುತ್ತಾನೆ. ಸ್ಕೇಟ್ ಮೇಲೆ ಹಾಗೆ ಗುದ್ದಿದರೆ ಗುದ್ದಿದವನೇ ಹಿಂದಕ್ಕೆ ಜಾರುತ್ತಾನೆ. ಅದಕ್ಕೇ ಇಬ್ಬರೂ ಮೊದಲು ಎದುರಾಳಿಯ ಜೆರ್ಸಿ ಹಿಡಿಯುತ್ತಾರೆ. ಬಲಗೈಯಲ್ಲಿ ಹೊಡೆಯುವವನು ಎಡಗೈಯಿಂದ ಎದುರಿನವನ ಬಲ ಭುಜದ ಅಥವಾ ಮೊಣಕೈ ಮೇಲಿನ ಬಟ್ಟೆಯನ್ನು ಮುಷ್ಟಿ ತುಂಬ ಹಿಡಿದು ಎಳೆಯುತ್ತಾನೆ. ಹೀಗೆ ಅವನ ಹೊಡೆಯುವ ಕೈಯನ್ನೂ ಕಟ್ಟಿದಂತಾಯಿತು, ತಾನು ನಿಲ್ಲುವುದಕ್ಕೂ ಹಿಡಿತ ಸಿಕ್ಕಿತು. ಆ ಒಂದು ಹಿಡಿ ಬಟ್ಟೆಯೇ ಇಡೀ ಜಗಳದ ಕೀಲು. ಅದು ಜಾರಿದರೆ ಇಬ್ಬರಲ್ಲಿ ಒಬ್ಬ ಬೀಳುವುದು ಗ್ಯಾರಂಟಿ.

ಜೆರ್ಸಿಯ ಹಿಂಭಾಗದ ಒಳಗಡೆ ಒಂದು ಪಟ್ಟಿ ಹೊಲಿದಿರುತ್ತಾರೆ, ಅದನ್ನು ಪ್ಯಾಂಟಿಗೆ ಕಟ್ಟಬೇಕು. ಕಟ್ಟದಿದ್ದರೆ ಎದುರಾಳಿ ಜೆರ್ಸಿಯನ್ನು ಬೆನ್ನಿನಿಂದ ತಲೆ ಮೇಲೆ ಎಳೆದುಬಿಡುತ್ತಾನೆ. ಸಿಕ್ಕಿಕೊಂಡವನಿಗೆ ಕಣ್ಣೂ ಕಾಣದು, ಕೈಯೂ ಆಡದು. ಉಲ್ಟಾ ತಂತ್ರವೂ ಇತ್ತು: ಬಫಲೋ ತಂಡದ ರಾಬ್ ರೇ ಬೇಕೆಂದೇ ಜೆರ್ಸಿಯಿಂದ ಕಳಚಿಕೊಳ್ಳುತ್ತಿದ್ದ, ಹಿಡಿಯಲು ಎದುರಾಳಿಗೆ ಬಟ್ಟೆಯೇ ಸಿಗಬಾರದೆಂದು. ಪಟ್ಟಿ ಕಟ್ಟದೆ ಜಗಳದಲ್ಲಿ ಜೆರ್ಸಿ ಕಳಚಿದರೆ ಈಗ ಪಂದ್ಯದಿಂದಲೇ ಹೊರಗೆ. ಪಟ್ಟಿ ಬಿಚ್ಚಿಕೊಂಡು ಜೋತಾಡುವುದು ಕಂಡರೆ ನಾನು ಆಗಲೇ ಆಟಗಾರನಿಗೆ ಹೇಳಿಬಿಡುತ್ತೇನೆ.

ಇನ್ನು ಬಿಡಿಸುವ ವಿಧಾನ. ಎನ್‌ಎಚ್‌ಎಲ್‌ನಲ್ಲಿ ಇಬ್ಬರು ರೆಫರಿ, ಇಬ್ಬರು ಲೈನ್ಸ್‌ಮನ್. ರೆಫರಿಗಳು ಒಳಗೆ ಬರುವುದಿಲ್ಲ. ದೂರ ನಿಂತು ಯಾರು ಶುರು ಮಾಡಿದರು, ಯಾರು ನಡುವೆ ಬಂದರು, ಬೆಂಚಿನಿಂದ ಯಾರಾದರೂ ಜಿಗಿದರೇ ಎಂದು ನಂಬರ್ ಗುರುತು ಹಾಕಿಕೊಳ್ಳುತ್ತಾರೆ. ಒಳಗೆ ಹೋಗುವುದು ಲೈನ್ಸ್‌ಮನ್‌ಗಳಿಬ್ಬರೇ. ಹೊಡೆದಾಟಕ್ಕೆಂದು ಆಟಗಾರರು ಗ್ಲೌಸ್ ಕಳಚಿ ಬೀಳಿಸಿದ ಕೂಡಲೇ ನನ್ನ ಮೊದಲ ಕೆಲಸ ಬಿದ್ದಿರುವ ಸ್ಟಿಕ್ಕು, ಗ್ಲೌಸನ್ನು ಕಾಲಿನಿಂದ ದೂರ ತಳ್ಳುವುದು. ಹಿಂದೆ ಸರಿಯುವವನ ಸ್ಕೇಟ್ ಸ್ಟಿಕ್ ಮೇಲೆ ಹತ್ತಿದರೆ ಅವನು ಅಂಗಾತ ಬೀಳುತ್ತಾನೆ, ತಲೆಯ ಹಿಂಭಾಗವೇ ಐಸಿಗೆ ಬಡಿಯುತ್ತದೆ. ಆಮೇಲೆ ಜೊತೆಗಾರನೂ ನಾನೂ ಜೋಡಿಯ ಎಡಕ್ಕೊಬ್ಬ ಬಲಕ್ಕೊಬ್ಬ ನಿಂತು ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತೇವೆ.

ಯಾವಾಗ ನುಗ್ಗಬೇಕು? ಇಬ್ಬರೂ ನೆಟ್ಟಗೆ ನಿಂತು ಕೈ ಬೀಸುತ್ತಿರುವಾಗ ನುಗ್ಗಿದರೆ ಹೊಡೆತ ನಮಗೆ. ಆದರೆ ಇಬ್ಬರ ಕೈಯೂ ಸಿಕ್ಕಿಹಾಕಿಕೊಂಡು ತಬ್ಬಿಕೊಂಡಂತಾದಾಗ, ಉಸಿರು ಕಟ್ಟಿ ಕೈ ನಿಧಾನವಾದಾಗ, ಒಬ್ಬನ ಮಂಡಿ ಮಡಚಿದಾಗ ತಡ ಮಾಡಬಾರದು. ಒಬ್ಬನ ಹೆಲ್ಮೆಟ್ ಹಾರಿದರೆ ನಾನು ಬೇರೆ ಯಾವ ಸೂಚನೆಗೂ ಕಾಯುವುದಿಲ್ಲ. ‘ಇನ್’ ಎಂದು ಕೂಗಿ ಇಬ್ಬರೂ ಒಟ್ಟಿಗೇ ಹೋಗುತ್ತೇವೆ. ಎದುರಿನಿಂದಲ್ಲ, ಪಕ್ಕದಿಂದ. ನನ್ನ ತೋಳು ಅವನ ತೋಳಿನ ಮೇಲಿನಿಂದ ಬಂದು ಮೈಭಾರವೆಲ್ಲ ಕೆಳಕ್ಕೆ ಬಿಟ್ಟರೆ ಹೊಡೆಯುವ ಕೈ ತಾನಾಗಿ ಇಳಿಯುತ್ತದೆ. ತೋಳ್ಬಲದಲ್ಲಿ ಅವರನ್ನು ಗೆಲ್ಲಲಾಗುವುದಿಲ್ಲ, ಭಾರದಲ್ಲೇ ಗೆಲ್ಲಬೇಕು.

ಇಲ್ಲಿ ಆಗುವ ಅತಿ ಕೆಟ್ಟ ತಪ್ಪು ಒಬ್ಬನೇ ನುಗ್ಗುವುದು. ನಾನೊಬ್ಬನೇ ಹೋಗಿ ಒಬ್ಬನ ಕೈ ಕಟ್ಟಿ ಹಿಡಿದೆ ಅನ್ನಿ, ಎದುರಿನವನ ಕೈ ಇನ್ನೂ ಬಿಡುವಾಗಿದೆ. ಕಟ್ಟಿಹಾಕಿದವನ ದವಡೆಯನ್ನು ನಾನೇ ಹೊಡೆತಕ್ಕೆ ಒಡ್ಡಿದ ಹಾಗಾಯಿತು. ಹೊಸಬರಿಗೆ ನಾನು ಹೇಳಿಕೊಡುವ ಮೊದಲ ಪಾಠವೇ ಇದು. ಒಬ್ಬ ಕೆಳಗೆ ಬಿದ್ದರೆ ಹತ್ತಿರ ಇರುವ ಲೈನ್ಸ್‌ಮನ್ ಬಿದ್ದವನ ತಲೆಯ ಮೇಲೆ ತನ್ನ ಮೈಯನ್ನೇ ಚಾಚಬೇಕು, ಇನ್ನೊಬ್ಬ ಮೇಲಿದ್ದವನನ್ನು ಎಳೆದು ತಿರುಗಿಸಬೇಕು. ಆಗ ಕಣ್ಣು ಸ್ಕೇಟಿನ ಅಲಗಿನ ಮೇಲಿರಲಿ. ಬಿದ್ದವನು ಒದ್ದಾಡುವಾಗ ಅದು ಎತ್ತ ಬೇಕಾದರೂ ಬೀಸುತ್ತದೆ. ಬಿಡಿಸಿದ ಮೇಲೂ ಕೈ ಬಿಡುವಂತಿಲ್ಲ. ನನ್ನ ಮೈ ಇಬ್ಬರ ನಡುವೆ ಇರುವಂತೆ ಅವನನ್ನು ತಿರುಗಿಸಿ, ಪೆನಾಲ್ಟಿ ಬಾಕ್ಸಿನ ಬಾಗಿಲು ಹಾಕುವ ತನಕ ಜೊತೆಗೇ ಹೋಗುತ್ತೇನೆ. ದಾರಿಯಲ್ಲಿ ಸಣ್ಣ ದನಿಯಲ್ಲಿ ಎರಡು ಮಾತು ಆಡುತ್ತೇನೆ. ಅವನಿಗೆ ಉಸಿರು ಸಿಗಲು ಅಷ್ಟು ಸಾಕು.

ಹೆಲ್ಮೆಟ್ ವಿಷಯದಲ್ಲಿ ನನಗೆ ರಾಜಿ ಇಲ್ಲ. ಹೊಡೆದಾಡುವವರು ಅದನ್ನು ತೆಗೆಯುತ್ತಿದ್ದುದಕ್ಕೆ ಕಾರಣ ಸರಳ: ಹೆಲ್ಮೆಟ್ಟಿಗೂ ಅದರ ಮುಂದಿನ ಪಾರದರ್ಶಕ ವೈಸರಿಗೂ ಬಡಿದು ಬೆರಳ ಗೆಣ್ಣು ಮುರಿಯುತ್ತದೆ. ಆದರೆ ಗೆಣ್ಣು ಕೂಡುತ್ತದೆ. 2008ರ ಡಿಸೆಂಬರ್ 12ರಂದು ಒಂಟಾರಿಯೊದ ಸೀನಿಯರ್ ಲೀಗ್ ಪಂದ್ಯವೊಂದರ ಹೊಡೆದಾಟದಲ್ಲಿ ವಿಟ್ಬಿ ಡನ್‌ಲಪ್ಸ್ ತಂಡದ ಡಾನ್ ಸ್ಯಾಂಡರ್ಸನ್ ಹೆಲ್ಮೆಟ್ ಕಳಚಿದ ಸ್ಥಿತಿಯಲ್ಲಿ ಬಿದ್ದು ತಲೆ ಐಸಿಗೆ ಬಡಿಯಿತು. 2009ರ ಜನವರಿ 2ರಂದು ತೀರಿಕೊಂಡಾಗ ಅವನಿಗೆ 21 ವರ್ಷ. ಎನ್‌ಎಚ್‌ಎಲ್ 2013-14ರಿಂದ, ಜಗಳಕ್ಕೆ ಮೊದಲು ತನ್ನ ಹೆಲ್ಮೆಟ್ ತೆಗೆದವನಿಗೆ 2 ನಿಮಿಷ ಹೆಚ್ಚುವರಿ ಪೆನಾಲ್ಟಿ ಇಟ್ಟಿತು. ಆ ಋತುವಿನ ತಯಾರಿ ಪಂದ್ಯವೊಂದರಲ್ಲೇ ಕ್ರಿಸ್ ಬಾರ್ಚ್, ಬ್ರೆಟ್ ಗ್ಯಾಲಂಟ್ ಇಬ್ಬರೂ ತಮ್ಮದನ್ನು ಮುಟ್ಟದೆ ಒಬ್ಬರ ಹೆಲ್ಮೆಟ್ ಇನ್ನೊಬ್ಬರು ಮೆಲ್ಲಗೆ ತೆಗೆದರು. ಆಟಗಾರರ ಕಟ್ಟಳೆ ಎಷ್ಟು ಗಟ್ಟಿ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಅದು ಕೈಯನ್ನು ಕಾಪಾಡಿತು, ತಲೆಯನ್ನು ಮರೆತಿತು.

ಆ ಕಟ್ಟಳೆಯನ್ನು ಇವರು ‘ಕೋಡ್’ ಎನ್ನುತ್ತಾರೆ. ಬರೆದಿಟ್ಟಿದ್ದಲ್ಲ, ಆದರೆ ಎಲ್ಲರಿಗೂ ಗೊತ್ತು. ಕೇಳಿ, ಒಪ್ಪಿಸಿಕೊಂಡು ಹೊಡೆದಾಡಬೇಕು. ಬಿದ್ದವನನ್ನು ಹೊಡೆಯಬಾರದು. ಶಿಫ್ಟಿನ, ಅಂದರೆ ಐಸ್ ಮೇಲಿನ ತನ್ನ ಸರದಿಯ, ಕೊನೆಯಲ್ಲಿ ಏದುಸಿರು ಬಿಡುತ್ತಿರುವವನನ್ನು, ಕೈಗೆ ಗಾಯವಾದವನನ್ನು ಕೆಣಕಬಾರದು. ನಮ್ಮ ಚುರುಕು ಆಟಗಾರನಿಗೆ ಕೆಟ್ಟ ಏಟು ಕೊಟ್ಟವನು ಉತ್ತರ ಕೊಡಲೇಬೇಕು. 1980ರ ದಶಕದ ಎಡ್ಮಂಟನ್ ತಂಡದಲ್ಲಿ ತಾರಾ ಆಟಗಾರ ವೇಯ್ನ್ ಗ್ರೆಟ್ಸ್‌ಕಿಯನ್ನು ಯಾರೂ ಮುಟ್ಟದಂತೆ ನೋಡಿಕೊಂಡವರು ಡೇವ್ ಸೆಮೆಂಕೊ, ಮಾರ್ಟಿ ಮೆಕ್‌ಸೋರ್ಲಿ. ನಿಯಮ ಪುಸ್ತಕ ಇದರ ಸುತ್ತ ಬೇಲಿ ಹಾಕುತ್ತಾ ಬಂದಿದೆ. ಇಬ್ಬರ ಜಗಳಕ್ಕೆ ಮೂರನೆಯವನಾಗಿ ನುಗ್ಗಿದವನು 1971ರಿಂದ ಪಂದ್ಯದಿಂದ ಹೊರಗೆ. ನನಗೆ ಅತ್ಯಂತ ಉಪಕಾರಿ ನಿಯಮ ಇದೇ. 1987ರಿಂದ ಬೆಂಚು ಬಿಟ್ಟು ಮೊದಲು ಇಳಿದವನಿಗೆ 10 ಪಂದ್ಯಗಳ ನಿಷೇಧ. ಕೆಣಕಿ ಶುರು ಮಾಡಿದವನಿಗೆ, ಅಂದರೆ ಇನ್‌ಸ್ಟಿಗೇಟರ್‌ಗೆ, ಈಗ 2, 5, 10 ನಿಮಿಷ ಸೇರಿ 17 ನಿಮಿಷ.

ಕೋಡ್ ಇದ್ದರೆ ಆಟ ತಾನೇ ಶಿಸ್ತಿನಲ್ಲಿರುತ್ತದೆ ಎನ್ನುವವರಿಗೆ ನಾನು 2004 ನೆನಪಿಸುತ್ತೇನೆ. ಫೆಬ್ರವರಿ 16ರಂದು ಕೊಲೊರಾಡೊದ ಸ್ಟೀವ್ ಮೂರ್ ಕೊಟ್ಟ ಏಟಿಗೆ ವ್ಯಾಂಕೂವರ್ ನಾಯಕ ಮಾರ್ಕಸ್ ನಾಸ್‌ಲಂಡ್ ಗಾಯಗೊಂಡರು, ಪೆನಾಲ್ಟಿ ಕೊಡಲಿಲ್ಲ. ಮಾರ್ಚ್ 8ರಂದು ಮತ್ತೆ ಎದುರಾದಾಗ ಮೂರ್ ಮೊದಲ ಅವಧಿಯಲ್ಲೇ ಮ್ಯಾಟ್ ಕುಕ್ ಜೊತೆ ಹೊಡೆದಾಡಿದ. ಕೋಡ್ ಪ್ರಕಾರ ಸಾಲ ಅಲ್ಲಿಗೆ ತೀರಬೇಕಿತ್ತು. ಮೂರನೇ ಅವಧಿಯಲ್ಲಿ ಟಾಡ್ ಬರ್ಟೂಜಿ ಅವನನ್ನು ಹಿಂಬಾಲಿಸಿ, ಹಿಂದಿನಿಂದ ಜೆರ್ಸಿ ಹಿಡಿದು ತಲೆಗೆ ಗುದ್ದಿದ. ಮೂರ್‌ನ ಕುತ್ತಿಗೆಯ ಮೂರು ಮೂಳೆ ಮುರಿದವು. ಮತ್ತೆಂದೂ ಎನ್‌ಎಚ್‌ಎಲ್‌ನಲ್ಲಿ ಆಡಲಿಲ್ಲ. ಸಾಲ ತೀರಿತೋ ಇಲ್ಲವೋ ಎಂದು ಹೇಳುವ ಮೂರನೆಯವರು ಕೋಡಿನೊಳಗೆ ಯಾರೂ ಇಲ್ಲ. ಅದರ ದೊಡ್ಡ ಬಿರುಕು ಇದೇ ಎಂದು ನನ್ನ ಅಭಿಪ್ರಾಯ.

ಹಾಗಾಗಿ ನನ್ನ ಕೆಲಸ ಪಕ್ (ಆಟದ ರಬ್ಬರ್ ಬಿಲ್ಲೆ) ಬೀಳುವ ಮೊದಲೇ ಶುರು. ಈ ಎರಡು ತಂಡ ಕಳೆದ ಸಲ ಎದುರಾದಾಗ ಯಾರು ಯಾರಿಗೆ ಹೊಡೆದರು, ಯಾರು ಇನ್ನೂ ಗಾಯದಲ್ಲಿದ್ದಾರೆ ಎಂದು ನಾಲ್ವರೂ ಕೂತು ನೋಡುತ್ತೇವೆ. ಪಂದ್ಯ ನಡೆಯುವಾಗ ಮೂರು ಸಂಗತಿ ಒಟ್ಟಿಗೆ ಬಂದರೆ ನಾನು ಹತ್ತಿರ ಸರಿಯುತ್ತೇನೆ: ಹಳೇ ಬಾಕಿ, ಗೋಲಿನ ದೊಡ್ಡ ಅಂತರ, ಕೊನೆಯದಾದ ಮೂರನೇ ಅವಧಿ. ಇಡೀ ರಾತ್ರಿ ಐಸ್ ಮೇಲೆ ಕಾಣದಿದ್ದ ದೊಡ್ಡ ಆಳೊಬ್ಬನನ್ನು ಕೋಚ್ ಆಗ ಇಳಿಸಿದರೆ ಅನುಮಾನವೇ ಬೇಡ. ಆಟ ಶುರು ಮಾಡುವ ಫೇಸ್‌ಆಫ್‌ನಲ್ಲಿ ಇಬ್ಬರ ನಡುವೆ ಪಕ್ ಹಾಕುವವನು ಹೆಚ್ಚಾಗಿ ಲೈನ್ಸ್‌ಮನ್ ಆದ್ದರಿಂದ ಆಟಗಾರರ ಕಿವಿ ನನಗೆ ಸಿಗುತ್ತದೆ. ‘ನಿನ್ನ ಸ್ಟಿಕ್ ಕಂಡಿದ್ದೇನೆ, ರೆಫರಿಗೂ ಹೇಳಿದ್ದೇನೆ’ ಎಂದರೆ ಎಷ್ಟೋ ಸಲ ಅಲ್ಲಿಗೇ ತಣ್ಣಗಾಗುತ್ತದೆ. ತಾವೇ ನ್ಯಾಯ ಮಾಡಿಕೊಳ್ಳಬೇಕಿಲ್ಲ, ಯಾರೋ ನೋಡುತ್ತಿದ್ದಾರೆ ಎನ್ನುವ ನಂಬಿಕೆ ಆಟಗಾರನಿಗೆ ಬೇಕು.

2024ರ ಏಪ್ರಿಲ್ 3ರಂದು ನ್ಯೂಯಾರ್ಕಿನಲ್ಲಿ ರೇಂಜರ್ಸ್–ಡೆವಿಲ್ಸ್ ಪಂದ್ಯದ ಮೊದಲ ಫೇಸ್‌ಆಫ್‌ಗೇ ಹತ್ತು ಜನ ಐದು ಜೋಡಿಯಾಗಿ ನಿಂತರು. 8 ಮಂದಿ ಹೊರಗೆ ಹೋದರು. ಅಂಥ ಹೊತ್ತಿನಲ್ಲಿ ಲೈನ್ಸ್‌ಮನ್‌ಗಳು ಎಲ್ಲ ಕಡೆ ಓಡಿದರೆ ಎಲ್ಲೂ ಸಲ್ಲುವುದಿಲ್ಲ. ಒಬ್ಬ ಬಿದ್ದಿರುವ ಜೋಡಿ ಮೊದಲು, ಹೆಲ್ಮೆಟ್ ಹೋಗಿರುವುದು ಆಮೇಲೆ, ಅಳತೆಯಲ್ಲಿ ಸರಿಸಾಟಿ ಇಲ್ಲದ್ದು ಅದರ ನಂತರ. ಬರೀ ಜೆರ್ಸಿ ಹಿಡಿದು ಸುತ್ತುತ್ತಿರುವವರು ಕಾಯಲಿ.

ಜಗಳ ಮುಗಿದ ಮೇಲೆ ಐಸ್ ಮೇಲಿನ ರಕ್ತ ಕೆರೆದು ತೆಗೆಯುವ ತನಕ ಪಕ್ ಹಾಕುವುದಿಲ್ಲ. ಬಾಕ್ಸಿನಲ್ಲಿ ಕೂತವನ ಬಲಗೈ ಗೆಣ್ಣನ್ನು ಒಮ್ಮೆ ನೋಡುತ್ತೇನೆ. ಎದುರಿನವನ ಹಲ್ಲಿಗೆ ತಾಗಿ ಆದ ಗಾಯ ಮೇಲ್ನೋಟಕ್ಕೆ ಗೀರಿನಂತೆ ಕಾಣುತ್ತದೆ, ಆದರೆ ಬಾಯಿಯ ಸೋಂಕು ಗೆಣ್ಣಿನ ಕೀಲಿನೊಳಗೇ ಇಳಿಯುತ್ತದೆ. ಅಂಥದ್ದು ಕಂಡರೆ ಟ್ರೇನರನ್ನು ಕರೆದು ತೋರಿಸುತ್ತೇನೆ. 5 ನಿಮಿಷ ಮುಗಿಯುವವರೆಗೆ ಕಾಯುವುದಿಲ್ಲ.