ಹೊಳೆದಂಡೆಯ ಅಪ್ಪೆ ಬೇಣದಲ್ಲಿ: ನನ್ನ ಅನುಭವ

ಅಪ್ಪೆಮಿಡಿಯ (ಉಪ್ಪಿನಕಾಯಿಗೆ ಹಾಕುವ ಪರಿಮಳದ ಮಾವಿನ ಎಳೆಗಾಯಿ) ಪರಿಮಳ ಹೊಳೆನೀರಿನ ಗುಣ, ಬೇಣದಲ್ಲಿ, ಅಂದರೆ ತೋಟದ ಪಕ್ಕದ ಹುಲ್ಲುಗಾವಲಿನಲ್ಲಿ, ಕಸಿ ಕಟ್ಟಿದರೆ ಬರೀ ಹುಳಿ ಮಿಡಿ ಸಿಗುತ್ತದೆ ಎಂದು ಶಿರಸಿ ಕಡೆ ಬಹಳ ಜನ ಹೇಳಿದ್ದರು. ಅಘನಾಶಿನಿ ಹೊಳೆದಂಡೆಯ ಜೀರಿಗೆ ಅಪ್ಪೆಯ (ಜೀರಿಗೆ ಪರಿಮಳದ ತಳಿ) ಕಡ್ಡಿ ಕಸಿ ಕಟ್ಟಿದ ಬೇಣದ ಗಿಡದ ಮಿಡಿ ಎರಡು ವರ್ಷ ಉಪ್ಪಿನ ಭರಣಿಯಲ್ಲಿತ್ತು. ಮೊನ್ನೆ ತೆಗೆದರೆ ಸೊನೆಯ ವಾಸನೆ ತಾಯಿಮರದ್ದೇ, ಮಿಡಿ ಗಟ್ಟಿಯಾಗಿಯೇ ಇದೆ.

ಮೊದಲ ವರ್ಷ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಬೆಳೆಸಿದ ಸಸಿಗೆ ಜುಲೈನಲ್ಲಿ ಕಟ್ಟಿದ್ದು ತಪ್ಪು. ಸುಮಾರು 120ರಲ್ಲಿ 20 ಉಳಿದಿರಬಹುದು. ಸಸಿಯ ಸೀಳಿಗೆ ನೀರಿಳಿದು, ಕಸಿಯ ಮೇಲೆ ಹಾಕಿದ ಪ್ಲಾಸ್ಟಿಕ್ ಟೊಪ್ಪಿಯೊಳಗೆ ಬೂಷ್ಟು ಬಂತು. ಎರಡನೇ ವರ್ಷ ಕಡ್ಡಿ ಕೊಯ್ದು ಮರುದಿನ ಕಟ್ಟಿದೆವು, ಒಣಗಿದವು. ಉಳಿದವನ್ನು ನೆಟ್ಟರೆ ಕೊಟ್ಟೆಯಲ್ಲಿ ಸುತ್ತಿಕೊಂಡ ತಾಯಿಬೇರು ಕೆಳಗಿಳಿಯಲೇ ಇಲ್ಲ, ಬೇಸಿಗೆಗೆ ಸತ್ತವು. ಅಲ್ಲಿಗೆ ಹದಿನೆಂಟು ಸಾವಿರ ಹೋಗಿತ್ತು.

ಗೆದ್ದದ್ದು ನೆಟ್ಟಲ್ಲೇ ಕಸಿ. ಗುಂಡಿಗೆ ಕಾಡುಮಾವಿನ ಎರಡು ಮೂರು ಗೊರಟೆ ಹಾಕಿ, ಚೆನ್ನಾಗಿ ಬಂದ ಒಂದನ್ನು ಇಟ್ಟುಕೊಂಡು, ಮರುವರ್ಷ ಮೇ ಕೊನೆಯಿಂದ ಜೋರು ಮಳೆ ಹಿಡಿಯುವುದರೊಳಗೆ ಕಟ್ಟಿ ಮುಗಿಸಬೇಕು. ತಪ್ಪಿದ್ದಕ್ಕೆ ಸೆಪ್ಟೆಂಬರ್ ಇದೆ. ಹೂ ಬಿಡದ, ಪೆನ್ಸಿಲ್ ದಪ್ಪದ, ಮೂರ್ನಾಲ್ಕು ತಿಂಗಳ ಕಡ್ಡಿ ಆರಿಸಿ, ಹತ್ತು ದಿನ ಮೊದಲೇ ಮರದಲ್ಲೇ ಎಲೆ ಕತ್ತರಿಸಿ. ತೊಟ್ಟು ಮಾತ್ರ ಇರಲಿ. ತೊಟ್ಟು ಮುಟ್ಟಿದರೆ ಉದುರಬೇಕು, ಕುಡಿಮೊಗ್ಗು ಉಬ್ಬಿರಬೇಕು. ಬೆಳಿಗ್ಗೆ ಕೊಯ್ದು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು ಅದೇ ದಿನ ಕಟ್ಟಿಬಿಡಿ. ಕಡ್ಡಿಯ ಬುಡವನ್ನು ಒಂದೂವರೆ ಇಂಚು ಬೆಣೆಯಂತೆ ಕೆತ್ತಿ ಸಸಿಯ ಸೀಳಿಗೆ ಕೂರಿಸಿ. ದಪ್ಪ ಸರಿಹೊಂದದಿದ್ದರೆ ಒಂದು ಬದಿಯ ತೊಗಟೆಯಾದರೂ ಕೂಡಲೇಬೇಕು. ಮೇಲೆ ಐಸ್‌ಕ್ಯಾಂಡಿ ಕೊಟ್ಟೆಯ ಟೊಪ್ಪಿ. ಇಪ್ಪತ್ತು ದಿನಕ್ಕೆ ಚಿಗುರು ಕಂಡ ಕೂಡಲೇ ತೆಗೆಯದಿದ್ದರೆ ಅಲ್ಲೇ ಕೊಳೆಯುತ್ತದೆ. ಆಮೇಲೆ ಶೇಕಡಾ ಒಂದರ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ), ಅಡಿಕೆ ತೋಟಕ್ಕೆ ಹೊಡೆಯುವುದೇ. ಮೂರು ತಿಂಗಳಿಗೆ ಕಸಿಗೆ ಸುತ್ತಿದ ಪಟ್ಟಿ ಸೀಳಿ. ಮರೆತರೆ ಕುತ್ತಿಗೆ ಬಿಗಿದು ಗಾಳಿಗೆ ಅಲ್ಲೇ ಮುರಿಯುತ್ತದೆ. ಬುಡದ ಕಾಡುಚಿಗುರು ಚಿವುಟುತ್ತಲೇ ಇರಬೇಕು, ಇಲ್ಲದಿದ್ದರೆ ಕಸಿಯನ್ನು ಅದೇ ನುಂಗುತ್ತದೆ.

ಈಗ ನೂರಕ್ಕೆ ಎಪ್ಪತ್ತರ ಮೇಲೆ ಹಿಡಿಯುತ್ತವೆ. ಬದುಕಿದ ಗಿಡಕ್ಕೆ ಅರವತ್ತು ರೂಪಾಯಿ ಆಸುಪಾಸು ಬೀಳುತ್ತದೆ, ಅದರಲ್ಲಿ ಹೆಚ್ಚಿನದು ದನ, ಜಿಂಕೆ ತಡೆಯುವ ಬೇಲಿಗೆ. 

ಒಂದೊಂದು ತಳಿಗೂ ಮೂರು ಗಿಡ, ಮೂರು ಜಾಗ. ಪ್ಲಾಸ್ಟಿಕ್ ಚೀಟಿ ಎರಡು ಬೇಸಿಗೆಗೆ ಪುಡಿಯಾಗುತ್ತದೆ. ಅಲ್ಯೂಮಿನಿಯಂ ತಗಡಿನ ಮೇಲೆ ಮೊಳೆಯಿಂದ ಹೆಸರು ಕೊರೆದು ಗೂಟಕ್ಕೆ ಕಟ್ಟುತ್ತೇವೆ. ಗಿಡಕ್ಕೇ ಕಟ್ಟಿದರೆ ತಂತಿ ಕಚ್ಚುತ್ತದೆ.

2023ರಲ್ಲಿ ಭೌಗೋಳಿಕ ಸೂಚಿ ಪಡೆದ ಕರಾವಳಿಯ ಅಂಕೋಲೆಯ ಕರಿ ಇಶಾಡು ಮಾವನ್ನೂ ಇದೇ ಸಾಲಿನಲ್ಲಿ ಕಟ್ಟಿ ನೋಡಿದೆವು. ಕಸಿ ಸಲೀಸಾಗಿ ಹಿಡಿಯಿತು. ಆದರೆ ಘಟ್ಟದ ಮೇಲಿನ ಇಬ್ಬನಿಗೆ ಹೂವೆಲ್ಲ ಕರಟಿತು. ಇನ್ನೆರಡು ವರ್ಷ ನೋಡಿ, ಕಾಯಿ ಕಚ್ಚದಿದ್ದರೆ ಅದೇ ಗಿಡದ ತಲೆ ಸವರಿ ಅಪ್ಪೆ ಕಟ್ಟುವುದು.

ಅಪ್ಪೆಗೆ ಮೂರನೇ ವರ್ಷದ ಹೂ ಚಿವುಟಿ ಹಾಕಿ, ಐದರಿಂದ ಮಿಡಿ ಇಳಿಸಿದೆವು. ಗಿಡ ಗಿಡ್ಡ, ಏಣಿ ಸಾಕು, ಕೊಂಬೆ ಕಡಿಯುವುದು ಬೇಡ. ತೊಟ್ಟು ಸಮೇತ ಕೈಯಲ್ಲೇ ಬಿಡಿಸಿದ ಮಿಡಿಗೆ ಪೆಟ್ಟಿಲ್ಲ, ಭರಣಿಯಲ್ಲಿ ಕೊಳೆತದ್ದೂ ತೀರ ಕಡಿಮೆ. ಹೊಳೆದಂಡೆಯ ಆ ತಾಯಿಮರದ ಬುಡ ಕಳೆದ ಮಳೆಗಾಲದಲ್ಲಿ ಅರ್ಧ ಕುಸಿದಿದೆ. ಅದರ ಕಡ್ಡಿ ಬೇಕಾದವರು ಮೇ ಮೊದಲ ವಾರವೇ ಹೇಳಿ, ಎಲೆ ಕತ್ತರಿಸಿಡಬೇಕು.